ವಿಶ್ವೇಶ್ವರಯ್ಯನವರೂ ಮೂಸಿಯ ದಂಡೆಯೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ಕನ್ನಂಬಾಡಿಯ ಕಟ್ಟೆ. ಅದು ಸಹಜವೇ. ಆದರೆ ಮೈಸೂರಿನ ಸೇವೆಗೆ ಬರುವ ಮುನ್ನ ಅವರು ನೆರೆಯ ಹೈದರಾಬಾದು ಸಂಸ್ಥಾನದ ರಾಜಧಾನಿಯಲ್ಲಿ ಕೆಲವೇ ತಿಂಗಳು ನಿಂತು ಮಾಡಿದ ಕಾರ್ಯವನ್ನು ನಾವು ಸಾಕಷ್ಟು ಸ್ಮರಿಸುತ್ತಿಲ್ಲ. ಊರ ನಡುವೆ ಹರಿಯುವ ಹೊಳೆಯ ದಂಡೆಯನ್ನು ಜನೋಪಯೋಗಕ್ಕಾಗಿ ಹೇಗೆ ಪುನಃ ರಚಿಸಬೇಕೆಂಬ ಚರ್ಚೆಯು ಈಗ ದೇಶದ ಅನೇಕ ನಗರಗಳಲ್ಲಿ ಎದ್ದಿರುವುದರಿಂದ, ಆ ಮಹನೀಯರ ಜೀವಿತದ ಈ ಭಾಗವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ಸಂಸ್ಕೃತ ವಿದ್ವಾಂಸರಾದ ಶ್ರೀನಿವಾಸ ಶಾಸ್ತ್ರಿಗಳ ಮಗನಾಗಿ ಅವರು ಜನಿಸಿದರು. ಬಾಲ್ಯದಲ್ಲಿಯೇ ತಂದೆ ಗತಿಸಿದರು. ಬೆಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳಿ ಜೀವಿಸುತ್ತ 1881ರಲ್ಲಿ ಬಿ.ಎ. ಪದವಿ ಪಡೆದು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತದ ಮರಾಮತ್ತು ಇಲಾಖೆಯನ್ನು ಸೇರಿದರು. ಸಿಂಧೂ ತೀರದ ಸಕ್ಕರ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸಿದರು; ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ 1903ರಲ್ಲಿ, ನೀರೇರಿದಾಗ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಹೀಗೆ ಕಾಲು ಶತಮಾನದ ಕಾಲ ನೀರಿನ ಸ್ವಭಾವವನ್ನು ಅರಿತ ಅವರು 1908ರಲ್ಲಿ ಮುಂಬಯಿ ಸೇವೆಯಿಂದ ಬಿಡುವು ಪಡೆದು ಐರೋಪ್ಯ ದೇಶಗಳಲ್ಲಿ ಸಂಚರಿಸುತ್ತಿದ್ದರು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿಗೆ ಪ್ರಳಯವೇ ಬಂದೊದಗಿತು. ಚಾರಮಿನಾರಿನ ಹಳೆಯ ಊರಿಗೂ ಉತ್ತರದ ಹೊಸ ಪೇಟೆಗಳಿಗೂ ನಡುವೆ ಹರಿಯುವ ಮೂಸಿ ನದಿಯು ದಡ ಮೀರಿ ನುಗ್ಗಿತು. ಸಾವಿರಾರು ಜನರು ಮಡಿದರು, ಬೀದಿಬೀದಿಗಳೇ ನೆಲಸಮವಾದವು. ಅಫ್ಜಲ್‌ಗಂಜಿನ ಒಂದು ಹುಣಿಸೇಮರವನ್ನೇರಿ ನೂರೈವತ್ತು ಮಂದಿ ಪ್ರಾಣ ಉಳಿಸಿಕೊಂಡರೆಂಬುದು ಆ ಊರಿನಲ್ಲಿ ಮನೆಮಾತಾಗಿದೆ. ದಿಕ್ಕುಗಾಣದ ನಿಜಾಮ ಸರಕಾರವು ವಿಶ್ವೇಶ್ವರಯ್ಯನವರಿಗೆ ಹೇಳಿಕಳುಹಿಸಿತು. ಅವರು ತಮ್ಮ ಪ್ರವಾಸವನ್ನು ಪೂರೈಸಿ 1909ರ ಏಪ್ರಿಲಿನಲ್ಲಿ ಕೆಲಸಕ್ಕೆ ಕೈಯಿಟ್ಟರು.

ದಂಡೆಗೆ ಎತ್ತರವಾದ ಗೋಡೆಯನ್ನು ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ವಿಶ್ವೇಶ್ವರಯ್ಯನವರು ಹಾಗೆ ಮಾಡದೆ, ನೀರು ಬಂದ ದಾರಿಯನ್ನು ಹಿಡಿದು ಮೇಲಕ್ಕೆ ನಡೆದರು. ಶಂಷಾಬಾದಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿದಿದ್ದಿತು. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳ ಪೈಕಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆಯು ಒಡೆದು ಕೆಳಗಿನದರ ಮೇಲೆ ಬೀಳುವುದು, ಅದು ತಾಳಲಾರದೆ ತಾನೂ ಒಡೆಯುವುದು. ಹೀಗೆ ಸಾಲುಸಾಲಾಗಿ ಬಿಡುಗಡೆಯಾದ ನೀರೆಲ್ಲ ಒಟ್ಟುಗೂಡಿ ಊರಿನ ಮೇಲೆ ಎರಗಿತ್ತು. ಆಪತ್ತು ದಂಡೆಯಲ್ಲಿ ಕಾಣಿಸಿಕೊಂಡಿತಾದರೂ ಅದರ ಮೂಲವು ಹಲವು ಹರದಾರಿ ಮೇಲಿದ್ದಿತು.

1909ರ ಅಕ್ಟೋಬರ್ 1ರಂದು ಒಪ್ಪಿಸಿದ ವರದಿಯಲ್ಲಿ ಅವರು ಸೂಚಿಸಿದ ಪರಿಹಾರವೂ ಈ ಅರಿವಿಗೆ ತಕ್ಕುದಾಗಿಯೇ ಇದ್ದಿತು. ಊರಿನ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಒಂದೊಂದು ಜಲಾಶಯವನ್ನು ಕಟ್ಟಿ, ನೆರೆಯನ್ನು ಅಲ್ಲಿಯೇ ತಡೆದು, ಊರೊಳಗಣ ಪಾತ್ರವು ಹೊರಬಲ್ಲಷ್ಟನ್ನೇ ಕೆಳಗೆ ಬಿಡಬೇಕು. ಊರಿನ ಹೊಲಸು ನೀರನ್ನು ನೆಲದೊಳಗಿನ ಕೊಳವೆಗಳಲ್ಲಿ ಸಾಗಿಸಿ ಊರಾಚೆ ವಿಲೇವಾರಿ ಮಾಡಬೇಕು. ದಂಡೆಗಳನ್ನು ಎತ್ತರಿಸಿ, ಅವುಗಳ ಮೇಲೆ ಸಾಲುಮರಗಳ ರಸ್ತೆಗಳನ್ನೂ ಉದ್ಯಾನಗಳನ್ನೂ ಜನರಿಗಾಗಿ ನಿರ್ಮಿಸಬೇಕು. ರಕ್ಷಣೆ, ನೈರ್ಮಲ್ಯ, ಸೌಂದರ್ಯ ಇವು ಮೂರನ್ನೂ ಅವರು ಒಂದೇ ಯೋಜನೆಯ ಅಂಗಗಳನ್ನಾಗಿ ಕಂಡರು.

ಅದೇ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಹೊರಟುಹೋದರೂ ವರದಿಯು ಕಪಾಟಿನಲ್ಲಿ ಧೂಳು ತಿನ್ನಲಿಲ್ಲ. 1912ರಲ್ಲಿ ನಗರಾಭಿವೃದ್ಧಿ ಮಂಡಲಿಯು ಸ್ಥಾಪಿತವಾಯಿತು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣವಾದವು. ನೆರೆಯ ಭಯವನ್ನು ತಗ್ಗಿಸಿದ ಇವೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ದಕ್ಷಿಣ ದಂಡೆಯ ಮೇಲೆ ಉಚ್ಚ ನ್ಯಾಯಾಲಯವೂ ಉತ್ತರ ದಂಡೆಯ ಮೇಲೆ ಉಸ್ಮಾನಿಯಾ ಆಸ್ಪತ್ರೆಯೂ ತಲೆಯೆತ್ತಿದವು. ಆರು ವರ್ಷ ಮೈಸೂರಿನ ದಿವಾನರಾಗಿದ್ದು 1918ರಲ್ಲಿ ಪದವಿಯನ್ನು ತೊರೆದಿದ್ದ ವಿಶ್ವೇಶ್ವರಯ್ಯನವರು, 1922ರಲ್ಲಿ ಮತ್ತೆ ಹೈದರಾಬಾದಿಗೆ ಬಂದು ಒಳಚರಂಡಿಯ ಕೆಲಸಕ್ಕೆ ಸಲಹೆಯಿತ್ತರು. ಭಾರತರತ್ನ ಪದವಿಯು 1955ರಲ್ಲಿ ಅವರನ್ನು ಅರಸಿಬಂದಿತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲಿನಲ್ಲಿ ಅವರು ಕಾಲವಾದರು.

ಅವರು ಕಟ್ಟಿಸಿದುದನ್ನು ಕಾಯುವ ಹೊಣೆ ಅನಂತರದವರದು. ಆ ಹೊಣೆಯು ಸರಿಯಾಗಿ ನಿರ್ವಹಿಸಲ್ಪಡಲಿಲ್ಲವೆಂದು ವ್ಯಸನದಿಂದ ಹೇಳಬೇಕಾಗಿದೆ. ಬೆಳೆದ ನಗರವು ತನ್ನ ಕೊಳೆಯನ್ನು ಮೂಸಿಗೇ ಹರಿಸಿತು. ಕೆರೆಗಳ ಅಂಗಳದಲ್ಲಿ ಮನೆಗಳೆದ್ದವು. ಜಲಾಶಯಗಳ ಸುತ್ತಲಿನ ಪ್ರದೇಶದಲ್ಲಿ ಕಟ್ಟಡಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಟ ಆಜ್ಞೆಯನ್ನು 2022ರ ಮತ್ತೊಂದು ಆಜ್ಞೆಯು ತೆಗೆದುಹಾಕಿತು. 2020ರ ಅಕ್ಟೋಬರಿನ ಮಳೆಯಲ್ಲಿ ಕೆರೆಯ ಏರಿಯೊಡೆದು ಬಡಾವಣೆಗಳು ಮುಳುಗಿದಾಗ, 1908ರ ಪಾಠವನ್ನು ನಿಸರ್ಗವೇ ಪುನಃ ಓದಿ ಹೇಳಿದಂತಾಯಿತು. ದಂಡೆಯನ್ನು ಅಂದಗೊಳಿಸಲು 2017ರಲ್ಲಿ ಸರಕಾರವು ಪ್ರತ್ಯೇಕ ಸಂಸ್ಥೆಯನ್ನು ರಚಿಸಿತು. 2024ರಲ್ಲಿ ನದೀಪಾತ್ರದ ಮನೆಗಳನ್ನು ಕೆಡವತೊಡಗಿದಾಗ ಬಡ ನಿವಾಸಿಗಳ ಆಕ್ರಂದನವೂ ಕೇಳಿಬಂದಿತು.

ನದೀಪಾತ್ರದಲ್ಲಿ ವಾಸವು ಅಪಾಯಕರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಡವನ ಗುಡಿಸಲಿನಿಂದ ಆರಂಭವಾಗಿ ಸಿರಿವಂತನ ವಿಹಾರಸ್ಥಾನದಲ್ಲಿ ಮುಗಿಯುವ ಯೋಜನೆಯನ್ನು ವಿಶ್ವೇಶ್ವರಯ್ಯನವರ ಮಾರ್ಗವೆಂದು ಕರೆಯಲಾಗದು. ಮೊದಲು ಮೇಲಣ ಕೆರೆಗಳು ಭದ್ರವಾಗಲಿ; ಆಮೇಲೆ ಕೊಳೆನೀರಿಗೆ ಬೇರೆ ದಾರಿಯಾಗಲಿ; ಎಬ್ಬಿಸಿದವರಿಗೆ ಜೀವನೋಪಾಯಕ್ಕೆ ಸಮೀಪದಲ್ಲಿ ನೆಲೆ ದೊರೆಯಲಿ; ಉದ್ಯಾನವೂ ದೀಪಗಳೂ ಕಡೆಯಲ್ಲಿ ಬರಲಿ. ಕೆರೆಗಳನ್ನು ನುಂಗಿ ಬೆಳೆದಿರುವ ನಮ್ಮ ಬೆಂಗಳೂರಿಗೂ ಈ ಮಾತು ಅನ್ವಯಿಸುವುದು. ಪ್ರತಿ ಸೆಪ್ಟೆಂಬರ್ 15ರಂದು ಅವರ ಪ್ರತಿಮೆಗೆ ಹಾರ ಹಾಕುವ ಅಧಿಕಾರಿಗಳು ಆ ಒಂದು ದಿನವಾದರೂ 1909ರ ವರದಿಯನ್ನು ತೆರೆದು ಓದಿದರೆ, ಅವರಿಗೆ ಸಲ್ಲತಕ್ಕ ಗೌರವವು ಸಂದಂತಾಗುವುದು.