ಸುಂಕದ ಕಚೇರಿಯ ಗುಮಾಸ್ತ, ಥಾಯ್ ಜನಪದದ ವಿದ್ವಾಂಸ: ಪ್ರಯಾ ಅನುಮಾನ್ ರಾಜಧೋನ್

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ಆಗ್ನೇಯ ಏಷ್ಯಾದ ಬಗ್ಗೆ ಒಂದು ಪೂರಕ ಪಾಠ ಮಾಡಬೇಕಾಗಿತ್ತು. ಭೂಪಟ, ಬೆಳೆ, ರಾಜಧಾನಿ ಎಂದು ಶುರುಮಾಡಿದರೆ ಮಕ್ಕಳು ಆಕಳಿಸುವುದು ಖಚಿತ. ಹಾಗಾಗಿ ಒಬ್ಬ ಮನುಷ್ಯನ ಕಥೆಯನ್ನೇ ಹಿಡಿದುಕೊಂಡೆ. ಆ ಪಾಠಕ್ಕಾಗಿ ಸಿದ್ಧಮಾಡಿಕೊಂಡ ಟಿಪ್ಪಣಿಯನ್ನು ಸ್ವಲ್ಪ ಬೆಳೆಸಿ ಇಲ್ಲಿ ಬರೆದಿದ್ದೇನೆ.

ಆ ಮನುಷ್ಯನ ಹುಟ್ಟುಹೆಸರು ಯೋಂಗ್. ಹುಟ್ಟಿದ್ದು 1888ರ ಡಿಸೆಂಬರ್ 14ರಂದು, ಬ್ಯಾಂಕಾಕಿನಲ್ಲಿ. ಪೂರ್ವಜರು ಚೀನೀ ಮೂಲದವರು. ಮನೆಯಲ್ಲಿ ಸಿರಿತನವೇನೂ ಇರಲಿಲ್ಲ. ಅಸಂಪ್ಷನ್ ಕಾಲೇಜು ಎಂಬ ಮಿಷನರಿ ಶಾಲೆಯಲ್ಲಿ ಕೆಲವು ವರ್ಷ ಓದಿ, ಪ್ರೌಢಶಿಕ್ಷಣ ಪೂರ್ತಿಯಾಗುವ ಮೊದಲೇ ದುಡಿಮೆಗೆ ಇಳಿದರು. ಓರಿಯೆಂಟಲ್ ಹೋಟೆಲಿನಲ್ಲಿ ಕೆಲಕಾಲ ಗುಮಾಸ್ತಿಕೆ ಮಾಡಿ, ಆಮೇಲೆ ಸುಂಕದ ಇಲಾಖೆಗೆ ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವರು ಎಂದೂ ಹತ್ತಲಿಲ್ಲ. ಹಡಗುಗಳು ತರುವ ಸರಕಿನ ಲೆಕ್ಕ ಬರೆಯುತ್ತ, ಇಂಗ್ಲಿಷ್ ಪುಸ್ತಕಗಳನ್ನು ಓದುತ್ತ, ಕಂಡವರನ್ನೆಲ್ಲ ಪ್ರಶ್ನೆ ಕೇಳುತ್ತ ಕಲಿತರು.

ಇಲಾಖೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಬಿರುದು ಬಂತು. 'ಪ್ರಯಾ' ಎಂಬುದು ಸಯಾಂ ರಾಜರು ಅಧಿಕಾರಿಗಳಿಗೆ ಕೊಡುತ್ತಿದ್ದ ದೊಡ್ಡ ಪದವಿ. 'ರಾಜಧೋನ್' ಎಂದರೆ ನಮ್ಮ ರಾಜಧನವೇ. 'ಅನುಮಾನ'ಕ್ಕೆ ನಾವು ಸಂಶಯ ಎಂಬ ಅರ್ಥವನ್ನೇ ಗಟ್ಟಿಮಾಡಿಕೊಂಡಿದ್ದೇವೆ. ಅಲ್ಲಿ ಸಂಸ್ಕೃತದ ಮೂಲ ಅರ್ಥವಾದ ಊಹೆ, ಅಂದಾಜು ಉಳಿದಿದೆ. ಸುಂಕದ ಅಧಿಕಾರಿಗೆ ಎಷ್ಟು ಒಪ್ಪುವ ಹೆಸರು! ತರಗತಿಯಲ್ಲಿ ಈ ಒಂದು ಹೆಸರಿನಿಂದಲೇ ಹತ್ತು ನಿಮಿಷದ ಭಾಷಾಪಾಠ ನಡೆಯಿತು.

ಬರಹಕ್ಕೆ ಅವರು ಬಳಸಿದ ಹೆಸರು ಸತಿಯೆನ್ ಕೋಸೇತ್. ಜೊತೆಗಾರರು ಪ್ರಾ ಸಾರಪ್ರಸೇತ್, ಬರಹದ ಹೆಸರು ನಾಗಪ್ರದೀಪ. ಇವರಿಗೆ ಇಂಗ್ಲಿಷ್ ಬರುತ್ತಿತ್ತು, ಗೆಳೆಯರಿಗೆ ಪಾಲಿ ಮತ್ತು ಸಂಸ್ಕೃತ. ಇಬ್ಬರೂ ಕೂಡಿ ಹಿತೋಪದೇಶವನ್ನು ಥಾಯ್ ಭಾಷೆಗೆ ತಂದರು. ದುರ್ಗಸಿಂಹನ ಪಂಚತಂತ್ರವನ್ನು ಹೆಸರಿನಿಂದಲಾದರೂ ಬಲ್ಲ ನಮಗೆ ಆ ಕಥೆಗಳ ಬಳಗ ಅಪರಿಚಿತವಲ್ಲ. ಡೆನ್ಮಾರ್ಕಿನ ಲೇಖಕ ಯೆಲ್ಲರೂಪ್ ಬುದ್ಧನ ಕಾಲವನ್ನು ಕುರಿತು ಬರೆದ 'ಕಾಮನೀತ' ಕಾದಂಬರಿಯನ್ನೂ ಇಬ್ಬರೂ ಸೇರಿ ಅನುವಾದಿಸಿದರು. ಅದರ ಥಾಯ್ ಗದ್ಯ ಎಷ್ಟು ಹದವಾಗಿತ್ತೆಂದರೆ ಶಾಲೆಗಳಲ್ಲಿಯೂ ಅದನ್ನು ಓದಿಸಿದರು.

1932ರಲ್ಲಿ ಸಯಾಮಿನಲ್ಲಿ ಕ್ರಾಂತಿಯಾಯಿತು, ರಾಜನ ಸಂಪೂರ್ಣ ಆಳ್ವಿಕೆ ಮುಗಿಯಿತು. ಮರುವರ್ಷ ಅನುಮಾನರ ನೌಕರಿಯೂ ಹೋಯಿತು. ನಲವತ್ತೈದರ ಹತ್ತಿರದ ವಯಸ್ಸು, ದೊಡ್ಡ ಸಂಸಾರ, ಸುಮಾರು ಮೂರು ದಶಕ ದುಡಿದ ಕಚೇರಿಯ ಬಾಗಿಲು ಮುಚ್ಚಿತ್ತು. ಕೆಲಕಾಲದ ನಂತರ ಲಲಿತಕಲಾ ಇಲಾಖೆ ಅವರನ್ನು ಕರೆಯಿತು. ಮುಂದೆ ಅದರ ಮುಖ್ಯಸ್ಥರೂ ಆದರು. ಕೆಲಸ ಹೋಗದೇ ಇದ್ದಿದ್ದರೆ ಅವರು ನಿವೃತ್ತಿಯವರೆಗೂ ಸುಂಕದ ಕಚೇರಿಯಲ್ಲೇ ಇರುತ್ತಿದ್ದರೇನೋ.

ಅವರು ಬರೆದದ್ದಾದರೂ ಏನು? ವಿದ್ವಾಂಸರು ಶಾಸನ, ದೇವಾಲಯ, ರಾಜವಂಶ ಎನ್ನುತ್ತಿದ್ದ ಕಾಲದಲ್ಲಿ ಇವರು ಬಾಣಂತಿಯ ಕೋಣೆಗೆ, ಗದ್ದೆಯ ಬದುವಿಗೆ ಹೋದರು. ಹೆರಿಗೆಯಾದ ಹೆಂಗಸನ್ನು ದಿನಗಟ್ಟಲೆ ಬೆಂಕಿಯ ಪಕ್ಕ ಮಲಗಿಸುವುದನ್ನು ಬರೆದರು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಇದು ಯಾರ ಮಗು ಎಂದು ಸೂಲಗಿತ್ತಿ ಕೇಳುವುದು, ತನ್ನದೆಂದು ಒಬ್ಬಾಕೆ ಹೇಳಿ ಚಿಕ್ಕ ನಾಣ್ಯ ಕೊಟ್ಟು ಕೊಳ್ಳುವುದು, ಹೀಗೆ ದೆವ್ವಗಳ ಕಣ್ಣು ತಪ್ಪಿಸುವುದು, ಎಲ್ಲವನ್ನೂ ವಿವರವಾಗಿ ದಾಖಲಿಸಿದರು. ಮೊದಲ ಮೂರು ದಿನ ಮಗು ದೆವ್ವದ ಪಾಲು, ನಾಲ್ಕನೆಯ ದಿನದಿಂದ ಮನುಷ್ಯರದು ಎಂಬುದು ಅಲ್ಲಿಯ ನಂಬಿಕೆ. ಎಳೆಗೂಸುಗಳು ಹೆಚ್ಚಾಗಿ ಸಾಯುತ್ತಿದ್ದ ಕಾಲದ ಭಯ ಅದರಲ್ಲಿದೆ ಎಂದು ನನಗನ್ನಿಸುತ್ತದೆ.

ಭತ್ತದ ತಾಯಿ ಮೇ ಪೋಸೋಪಳ ವಿಷಯವಂತೂ ನನ್ನ ತರಗತಿಯನ್ನೇ ಎಬ್ಬಿಸಿತು. ಪೈರು ಹೊಡೆ ತುಂಬುವಾಗ ಅವಳು ಬಸುರಿ. ಬಯಕೆ ತೀರಲೆಂದು ಥಾಯ್ ಹೆಂಗಸರು ಗದ್ದೆಗೆ ಹುಳಿಹಣ್ಣು ಒಯ್ಯುತ್ತಾರೆ, ಬಾಚಣಿಗೆ, ಕನ್ನಡಿಯನ್ನೂ ಇಡುತ್ತಾರೆ. ನಾನು ಇದನ್ನು ಹೇಳಿ ಮುಗಿಸುವುದರೊಳಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಭೂಮಿ ಹುಣ್ಣಿಮೆಗೆ ತಮ್ಮನೆಯಲ್ಲೂ ಹೀಗೇ ಬಯಕೆ ಹಾಕುತ್ತಾರೆಂದಳು. ಭೂಮಣ್ಣಿ ಬುಟ್ಟಿಗೆ ಅಜ್ಜಿ ಚಿತ್ತಾರ ಬರೆಯುವುದನ್ನೂ, ನಸುಕಿನಲ್ಲಿ ಗದ್ದೆಗೆ ಚರಗ ಬೀರುವುದನ್ನೂ ವಿವರಿಸಿದಳು. ನನ್ನ ಪಾಠಯೋಜನೆಯಲ್ಲಿ ಈ ಹಂತವೇ ಇರಲಿಲ್ಲ. ಉಳಿದ ಅವಧಿ ಪೂರ್ತಿ ಅವಳದೇ.

ಇನ್ನೊಂದು ವಿಷಯವನ್ನು ಮಕ್ಕಳಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳಬೇಕು. 1938ರಿಂದ 1944ರವರೆಗೆ ಪಿಬುನ್ ಸೊಂಗ್‌ಕ್ರಾಮರ ಸರ್ಕಾರ ದೇಶವನ್ನು ಆಧುನಿಕಗೊಳಿಸಲು ಹೊರಟಿತ್ತು. 1939ರಲ್ಲಿ ದೇಶದ ಹೆಸರೇ ಥಾಯ್ಲೆಂಡ್ ಎಂದಾಯಿತು. ಜನ ಟೋಪಿ ಹಾಕಬೇಕು, ಎಲೆ ಅಡಿಕೆ ಜಗಿಯಬಾರದು ಎಂಬ ಆಜ್ಞೆಗಳು ಬಂದವು. ಹಳ್ಳಿಯ ಬದುಕು ನಾಚಿಕೆಯ ವಸ್ತುವಾಯಿತು. ಅನುಮಾನರು ಆ ಸರ್ಕಾರದ ನೌಕರರೇ. ಬೀದಿಗಿಳಿದು ಎದುರು ನಿಂತವರಲ್ಲ, ಅವರನ್ನು ಹಾಗೆ ಚಿತ್ರಿಸುವುದು ಸುಳ್ಳಾಗುತ್ತದೆ. ಆದರೆ ನಾಚಿಕೆಪಡಬೇಕೆಂದು ಹೇಳಲಾದ ಆ ಆಚಾರಗಳ ಮೇಲಿನ ಆಸಕ್ತಿಯನ್ನು ಅವರು ಬಿಟ್ಟುಕೊಡಲೂ ಇಲ್ಲ.

ಅದೇ ವರ್ಷಗಳಲ್ಲಿ ರಾಜಕುಮಾರ ನರಿಸರಾನುವತ್ತಿವೊಂಗ್ ಅವರೊಡನೆ ಅನುಮಾನರ ಪತ್ರವ್ಯವಹಾರ ನಡೆಯಿತು. ಬ್ಯಾಂಕಾಕಿನ ಅಮೃತಶಿಲೆಯ ದೇವಾಲಯವನ್ನು ರೂಪಿಸಿದ ಕಲಾವಿದ ಆ ರಾಜಕುಮಾರರು. ಅರಮನೆಯವರಿಗೂ ಗುಮಾಸ್ತನಾಗಿ ಬಂದವರಿಗೂ ನಡುವೆ ಪದಗಳ ಹುಟ್ಟು, ಹಬ್ಬ, ಆಚರಣೆಗಳ ಬಗ್ಗೆ ವರ್ಷಗಟ್ಟಲೆ ಪ್ರಶ್ನೋತ್ತರ. ಆ ಕಾಗದಗಳೇ ಮುಂದೆ ಹಲವು ಸಂಪುಟಗಳಾದವು.

ನಿವೃತ್ತಿಯ ನಂತರ ಥಾಯ್ ನಿಘಂಟು, ವಿಶ್ವಕೋಶಗಳ ಕೆಲಸ, ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯದಲ್ಲಿ ಭಾಷೆಯ ಪಾಠ. ರೈತನ ಬದುಕನ್ನು ಕುರಿತ ಅವರ ಪುಸ್ತಕವನ್ನು ವಿಲಿಯಂ ಗೆಡ್ನಿ ಇಂಗ್ಲಿಷಿಗೆ ತಂದರು. 1955ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ ಅದು ಹೊರಬಂತು. ರಾಜಕುಮಾರರೂ ವಿದೇಶಿ ಪಂಡಿತರೂ ಬೆಳೆಸಿದ, 1904ರಲ್ಲಿ ಹುಟ್ಟಿದ ಸಯಾಂ ಸೊಸೈಟಿಗೆ ಕೊನೆಯ ದಿನಗಳಲ್ಲಿ ಅಧ್ಯಕ್ಷರಾದರು. 1969ರ ಜುಲೈ 12ರಂದು ತೀರಿಕೊಂಡರು. ಅದಕ್ಕೂ ಒಂದು ವರ್ಷ ಮೊದಲೇ ಶಿಷ್ಯ ಸುಲಕ್ ಶಿವರಕ್ಸ, ಸತಿಯೆನ್ ಕೋಸೇತ್ ಮತ್ತು ನಾಗಪ್ರದೀಪ ಎಂಬ ಎರಡೂ ಹೆಸರುಗಳನ್ನು ಜೋಡಿಸಿ ಒಂದು ಪ್ರತಿಷ್ಠಾನ ಕಟ್ಟಿದ್ದರು. ಗೆಳೆಯ ನಾಗಪ್ರದೀಪರು ತೀರಿಕೊಂಡು ಆಗಲೇ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು.