ಶ್ರೀ ಜಗನ್ನಾಥದಾಸರು: ನೆವವನ್ನು ನೀಗಿದ ಬಾಳು

ಜೀರ್ಣೋದ್ಧಾರಕ್ಕೆ ತೊಡಗಿದ ದೇವಾಲಯದಲ್ಲಿ ಮೊದಲು ನಡೆಯುವ ಕೆಲಸ ಕಟ್ಟುವುದಲ್ಲ, ಕೀಳುವುದು. ನೀಲಗಿರಿಯ ಮಳೆ ಮಂಜುಗಳಲ್ಲಿ ಗೋಡೆಯ ಸಂದಿಗೆ ಬೇರಿಳಿಸಿದ ಗಿಡವನ್ನು ಬುಡಸಹಿತ ತೆಗೆಯದೆ ಅದರ ಮೇಲೆಯೇ ಗಾರೆ ಬಳಿದರೆ ಗೋಡೆ ಮತ್ತೆ ಬಿರಿಯದೆ ಇರದು. ಮಹತ್ಕಾರ್ಯಕ್ಕೆ ಕೈಹಾಕುವ ಮನುಷ್ಯನ ಅಂತರಂಗಕ್ಕೂ ಇದೇ ನಿಯಮ. ಹೊರಗಿನ ಅಡ್ಡಿಗಳಿಗಿಂತ ಮೊದಲು ತನ್ನನ್ನು ತಾನೇ ಸೋಲಿಸಿಕೊಳ್ಳುವ ಒಳಗಿನ ಭಾವವನ್ನು ಕಿತ್ತೊಗೆಯಬೇಕು. ಈ ತತ್ತ್ವಕ್ಕೆ ಹರಿದಾಸ ಶ್ರೇಷ್ಠರಾದ ಶ್ರೀ ಜಗನ್ನಾಥದಾಸರ ಚರಿತ್ರೆಗಿಂತ ಉಜ್ವಲವಾದ ನಿದರ್ಶನ ವಿರಳ.

ಈಗಿನ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬ್ಯಾಗವಾಟ ಗ್ರಾಮದಲ್ಲಿ ಕ್ರಿ. ಶ. 1728ರಲ್ಲಿ ಅವರ ಜನನವಾಯಿತು. ತಂದೆತಾಯಿಗಳು ಇಟ್ಟ ಹೆಸರು ಶ್ರೀನಿವಾಸ. ಮಂತ್ರಾಲಯದ ಪೀಠ ಪರಂಪರೆಯ ಶ್ರೀ ವರದೇಂದ್ರ ತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದ ಆತ ಸಂಸ್ಕೃತದಲ್ಲಿ ಪಾರಂಗತನಾಗಿ ಶ್ರೀನಿವಾಸಾಚಾರ್ಯನೆಂದು ಪ್ರಖ್ಯಾತನಾದನು. ಶಿಷ್ಯರಿಗೆ ಪಾಠ ಹೇಳುವುದು, ವಿದ್ವತ್ಸಭೆಗಳಲ್ಲಿ ವಾದ ಮಾಡುವುದು, ಇದೇ ಅವನ ದಿನಚರಿ. ಪಾಂಡಿತ್ಯ ಬೆಳೆದಂತೆ ಅದರ ನೆರಳಿನಲ್ಲಿ ಗರ್ವವೂ ಬೆಳೆಯಿತು.

ಅದೇ ಸೀಮೆಯಲ್ಲಿ, ತುಂಗಭದ್ರೆಯ ತೀರದ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ಶ್ರೀ ವಿಜಯದಾಸರು ಅಂದು ಹರಿಭಕ್ತಿಯನ್ನು ಮನೆಮನೆಗೆ ಮುಟ್ಟಿಸುತ್ತಿದ್ದರು. ಪುರಂದರದಾಸರ ಮತ್ತು ಕನಕದಾಸರ ಹಾದಿಯಲ್ಲಿ ನಡೆದ ಆ ಮಹನೀಯರ ಉಪದೇಶವೆಲ್ಲ ಕನ್ನಡದಲ್ಲಿ, ಹಾಡಿನ ರೂಪದಲ್ಲಿ. ಶ್ರೀನಿವಾಸಾಚಾರ್ಯನಿಗೆ ಇದು ಸೊಗಸಲಿಲ್ಲ. ಗೆಜ್ಜೆ ಕಟ್ಟಿ ತಂಬೂರಿ ಮೀಟಿ ಹಾಡುವುದು ಓದಲಾರದವರ ಕೆಲಸವೆಂದೂ, ವೇದಾಂತದ ಘನ ವಿಚಾರಕ್ಕೆ ಹಳ್ಳಿಯ ನುಡಿ ಯೋಗ್ಯವಲ್ಲವೆಂದೂ ಆತನು ನಿಶ್ಚಯಿಸಿಕೊಂಡಿದ್ದನು. ಈ ತಾತ್ಸಾರವೇ ಅವನ ವಿದ್ಯೆಯೆಂಬ ಗೋಡೆಯಲ್ಲಿ ಬೇರೂರಿದ ಗಿಡ.

ಒಮ್ಮೆ ವಿಜಯದಾಸರು ಮಾನ್ವಿಗೆ ಬಂದು, ದೇವರ ಪ್ರಸಾದಕ್ಕೆ ಶ್ರೀನಿವಾಸಾಚಾರ್ಯನನ್ನು ಆದರದಿಂದ ಆಹ್ವಾನಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಹೋಗಲು ಮನಸ್ಸಿಲ್ಲ, ಒಲ್ಲೆನೆನ್ನಲು ಬಾಯಿಲ್ಲ. ಆದುದರಿಂದ ಹೊಟ್ಟೆನೋವೆಂಬ ನೆವ ಹೇಳಿ ಆತನು ಮನೆಯಲ್ಲೇ ಉಳಿದನು. ಆ ಸುಳ್ಳೇ ದಿಟವಾಯಿತು. ಅಸಾಧ್ಯವಾದ ಉದರಶೂಲೆ ಅವನನ್ನು ಹಿಡಿಯಿತು. ಔಷಧ ಫಲಿಸಲಿಲ್ಲ, ದೇಹ ಸೊರಗಿತು, ಪಾಠ ಪ್ರವಚನಗಳು ನಿಂತವು. ಭಕ್ತರು ಇದನ್ನು ಮಹಾತ್ಮರ ಅವಜ್ಞೆಯ ಫಲವೆನ್ನುತ್ತಾರೆ. ವಿಚಾರ ಮಾಡಿ ನೋಡಿದರೆ ಇದರಲ್ಲಿ ಇನ್ನೊಂದು ಅರ್ಥವೂ ಉಂಟು. ತಪ್ಪಿಸಿಕೊಳ್ಳಲು ಮನುಷ್ಯನು ಹೂಡಿದ ನೆವವೇ ಕಡೆಗೆ ಅವನನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ.

ನೊಂದ ಪಂಡಿತನು ಮಂತ್ರಾಲಯಕ್ಕೆ ಹೋಗಿ ಶ್ರೀ ರಾಘವೇಂದ್ರ ಸ್ವಾಮಿಗಳ ಬೃಂದಾವನದ ಸನ್ನಿಧಿಯಲ್ಲಿ ಸೇವೆಗೆ ನಿಂತನು. ಯಾರನ್ನು ಅವಮಾನಿಸಿದನೋ ಅವರಲ್ಲಿಗೇ ಹೋಗಿ ಶರಣಾಗಬೇಕೆಂದು ಸ್ವಪ್ನದಲ್ಲಿ ಸೂಚನೆ ದೊರೆಯಿತೆಂಬುದು ಪರಂಪರೆಯ ನಂಬಿಕೆ. ರೋಗವನ್ನು ಸಹಿಸುವುದಕ್ಕಿಂತ ಈ ಪಯಣವೇ ಕಠಿನವಾದುದು. ಸಭೆಗಳಲ್ಲಿ ತಲೆಯೆತ್ತಿ ನಡೆದವನು ಹಾಡುವ ದಾಸರ ಮುಂದೆ ತಲೆಬಾಗಬೇಕಾಗಿತ್ತು. ಆತನು ಹೋದನು, ತಪ್ಪೊಪ್ಪಿಕೊಂಡನು. ವಿಜಯದಾಸರು ಕಿಂಚಿತ್ತೂ ಮುನಿಸು ತೋರದೆ ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಅವನನ್ನು ಕಳುಹಿಸಿದರು.

ಇಲ್ಲಿಯೂ ಗರ್ವಕ್ಕೆ ಇನ್ನೊಂದು ಪೆಟ್ಟು ಕಾದಿತ್ತು. ಗೋಪಾಲದಾಸರು 1722ರಲ್ಲಿ ಹುಟ್ಟಿದವರು. ಶ್ರೀನಿವಾಸಾಚಾರ್ಯನಿಗಿಂತ ಆರೇ ವರ್ಷ ಹಿರಿಯರು. ಗುರುವೆಂದು ವೃದ್ಧನಿಗೆ ನಮಿಸುವುದು ಸುಲಭ, ಓರಗೆಯವನಿಗೆ ನಮಿಸುವುದು ಕಷ್ಟ. ಆ ಕಷ್ಟವನ್ನೂ ಆತನು ದಾಟಿದನು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟು, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನೇ ಅವನಿಗೆ ಧಾರೆಯೆರೆದರೆಂದು ಭಕ್ತರು ಇಂದಿಗೂ ಕಣ್ಣೀರು ತಂದು ಸ್ಮರಿಸುತ್ತಾರೆ. ಗೋಪಾಲದಾಸರು 1762ರಲ್ಲಿಯೇ ಹರಿಪಾದ ಸೇರಿದರು. ಬದುಕುವ ಭರವಸೆಯೇ ಇಲ್ಲದಿದ್ದ ಶಿಷ್ಯನು ಎಂಬತ್ತು ವರ್ಷ ಮೀರಿ ಬಾಳಿದನು.

ಗುರುವಿನ ಅಪ್ಪಣೆಯಂತೆ ಪಂಢರಪುರಕ್ಕೆ ತೆರಳಿ, ಚಂದ್ರಭಾಗಾ ನದಿಯಲ್ಲಿ ಮಿಂದಾಗ ಜಗನ್ನಾಥವಿಠ್ಠಲ ಎಂಬ ಅಂಕಿತ ಪ್ರಾಪ್ತವಾಯಿತು. ಶ್ರೀನಿವಾಸಾಚಾರ್ಯನು ಜಗನ್ನಾಥದಾಸರಾದರು. ಹಿಂದೆ ಯಾವುದನ್ನು ಹಳಿದಿದ್ದರೋ ಆ ತಂಬೂರಿ ಈಗ ಅವರ ಕೈಗೇ ಬಂದಿತು.

ಆ ಬಳಿಕವೇ ಅವರು ತಮ್ಮ ಜನ್ಮದ ದೊಡ್ಡ ಕಾರ್ಯಕ್ಕೆ ತೊಡಗಿದುದು. ಶ್ರೀಮಧ್ವಾಚಾರ್ಯರ ಸಿದ್ಧಾಂತವು ಸಂಸ್ಕೃತದ ಉದ್ಗ್ರಂಥಗಳಲ್ಲಿದ್ದು ಸಾಮಾನ್ಯರಿಗೆ ನಿಲುಕದಂತಿತ್ತು. ಅದರ ಸಾರವನ್ನೆಲ್ಲ ಕನ್ನಡದಲ್ಲಿ, ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳಾಗಿ ಹರಿಯಿಸಿ ಅವರು ಹರಿಕಥಾಮೃತಸಾರವೆಂಬ ಮಹಾಗ್ರಂಥವನ್ನು ರಚಿಸಿದರು. ಹೆಣ್ಣುಮಕ್ಕಳು ಬೀಸುವಾಗ ಹಾಡಿಕೊಳ್ಳುವ ತ್ರಿಪದಿಯನ್ನೂ ಬಿಡದೆ ಅದರಲ್ಲಿ ತತ್ತ್ವಸುವ್ವಾಲಿಯನ್ನು ಹಾಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದಾಸರಾದ ಮೇಲೆ ಅವರು ತಮ್ಮ ಪಾಂಡಿತ್ಯವನ್ನು ಬಿಸುಡಲಿಲ್ಲ. ಆ ಪಾಂಡಿತ್ಯವಿಲ್ಲದೆ ಹರಿಕಥಾಮೃತಸಾರ ಹುಟ್ಟುತ್ತಿರಲಿಲ್ಲ. ಅವರು ಕಿತ್ತೆಸೆದುದು ತಾತ್ಸಾರವನ್ನು ಮಾತ್ರ. ಗಿಡ ಹೋಯಿತು, ಗೋಡೆ ಉಳಿಯಿತು. ಕಾಲಕ್ರಮದಲ್ಲಿ ಈ ಕನ್ನಡ ಗ್ರಂಥಕ್ಕೆ ಸಂಸ್ಕೃತದಲ್ಲಿಯೇ ವ್ಯಾಖ್ಯಾನ ರಚಿತವಾದುದು ಹಳ್ಳಿಯ ನುಡಿಗೆ ಸಂದ ಗೌರವ. 1809ರಲ್ಲಿ ಮಾನ್ವಿಯಲ್ಲಿ ಅವರು ದೇಹವಿಟ್ಟರು. ಭಾದ್ರಪದ ಶುದ್ಧ ನವಮಿಯಂದು ಅವರ ಆರಾಧನೆ ನಡೆಯುತ್ತದೆ.

ಉದಕಮಂಡಲ, ಗೂಡಲೂರು, ಮಸಿನಗುಡಿಗಳ ಕಡೆ ಮನೆಯಲ್ಲಿ ಕನ್ನಡವನ್ನೋ ಬಡಗ ನುಡಿಯನ್ನೋ, ಶಾಲೆ ಕಚೇರಿಗಳಲ್ಲಿ ತಮಿಳನ್ನೋ ಆಡುವ ಭಕ್ತರಿಗೆ ಈ ಚರಿತ್ರೆ ದೂರದ್ದಲ್ಲ. ದೇವರ ಮುಂದೆ ಹಾಡಲು ತನ್ನ ಮನೆಮಾತು ಸಾಲದು, ಓದಿದವರ ನಡುವೆ ಕುಳಿತುಕೊಳ್ಳಲು ತನಗೆ ಅರ್ಹತೆಯಿಲ್ಲ, ಇಂಥ ಕಾರ್ಯ ತನ್ನಿಂದಾಗದು ಎಂಬ ಸಂಕೋಚವೂ ಒಂದು ನೆವವೇ. ಪಂಡಿತನ ನೆವ ಗರ್ವದಿಂದ ಹುಟ್ಟಿತು, ಪಾಮರನ ನೆವ ಅಳುಕಿನಿಂದ ಹುಟ್ಟುತ್ತದೆ. ಬೇರು ಬೇರೆಯಾದರೂ ಇಬ್ಬರೂ ಮನೆಯಲ್ಲೇ ಉಳಿಯುತ್ತಾರೆ, ಪ್ರಸಾದ ಇಬ್ಬರಿಗೂ ತಪ್ಪುತ್ತದೆ. ದೇವಾಲಯದ ಕಾರ್ಯಕ್ಕೆ ಕರೆ ಬಂದಾಗ, ಮೈಗೆ ಸರಿಯಿಲ್ಲವೆಂಬ ಮಾತು ನಾಲಗೆಗೆ ಬರುವ ಮುನ್ನ, ಮಾನ್ವಿಯ ಆ ಪಂಡಿತನನ್ನು ಒಮ್ಮೆ ನೆನೆಯುವುದು ಲೇಸು.