ಹುದ್ದೆ ಬಿಟ್ಟ ನ್ಯಾಯಮೂರ್ತಿ: ಕೆ.ಎಸ್. ಹೆಗ್ಡೆ

ಪೌರನೀತಿ ಪಾಠದಲ್ಲಿ ಬರುವ ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡದೆ ನಮ್ಮ ಶಾಲೆಯಿಂದ ಹೊರಬಂದವರು ಯಾರೂ ಇರಲಾರರು. ಪರೀಕ್ಷೆಯಲ್ಲಿ ಬರೆದೆವು, ಅಂಕ ಪಡೆದೆವು, ಮರೆತೆವು. ಆ ಹಕ್ಕುಗಳು ಪುಸ್ತಕದಲ್ಲಿ ಅಚ್ಚಾಗಿವೆ ಎಂಬ ಕಾರಣಕ್ಕಷ್ಟೇ ಉಳಿದಿಲ್ಲ. ಅವುಗಳ ಪರವಾಗಿ ತೀರ್ಪು ಬರೆದು, ದೇಶದ ಅತಿ ದೊಡ್ಡ ನ್ಯಾಯಪೀಠದ ಹಿರಿಯ ಸ್ಥಾನವನ್ನು ಕಳೆದುಕೊಂಡ ಕನ್ನಡ ನಾಡಿನವರೊಬ್ಬರಿದ್ದರು. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರ ಬದುಕನ್ನು ಈಗಿನ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ನನ್ನ ಆಸೆ.

ಕೌಡೂರು ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರು ಎಂಬ ಹಳ್ಳಿಯಲ್ಲಿ. ಮದರಾಸಿನಲ್ಲಿ ಕಾನೂನು ಓದಿ ಊರಿನ ಕಡೆಯೇ ವಕೀಲಿಕೆ ಮಾಡಿದರು, ಸರ್ಕಾರಿ ವಕೀಲರೂ ಆದರು. 1952ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, 1966ರಲ್ಲಿ ಹೊಸದಾಗಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, 1967ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಮೇಲೇರಿದರು.

ಅವರು 1969ರಲ್ಲಿ ಬರೆದ ಒಂದು ತೀರ್ಪು ಯಾರಿಗಾದರೂ ಸುಲಭವಾಗಿ ಅರ್ಥವಾಗುವಂಥದ್ದು. ಜಮ್ಮು ಮತ್ತು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಒಬ್ಬ ಅಧಿಕಾರಿ ಸದಸ್ಯರಾಗಿದ್ದರು. ಅದೇ ಹುದ್ದೆಗೆ ಅವರೂ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಅವರು ಎದ್ದು ಹೋದರೂ, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ಆಯ್ಕೆ ರದ್ದಾಯಿತು. ತನ್ನ ವ್ಯಾಜ್ಯಕ್ಕೆ ತಾನೇ ಪಂಚನಾಗಬಾರದು ಎಂಬುದು ಹಳ್ಳಿಯ ಕಟ್ಟೆಯ ಮೇಲೂ ಒಪ್ಪಿಗೆಯಾದ ನ್ಯಾಯ. ಅದು ಕೋರ್ಟುಗಳಿಗೆ ಮಾತ್ರವಲ್ಲ, ಸರ್ಕಾರಿ ಕಚೇರಿಗಳ ಆಡಳಿತ ನಿರ್ಧಾರಗಳಿಗೂ ಅನ್ವಯಿಸುತ್ತದೆ ಎಂದು ಕ್ರೈಪಾಕ್ ಪ್ರಕರಣದ ಆ ತೀರ್ಪು ಸ್ಪಷ್ಟಪಡಿಸಿತು.

ಅವರ ಬದುಕಿನ ನಿಜವಾದ ಪರೀಕ್ಷೆ ಬಂದದ್ದು ಕೇಶವಾನಂದ ಭಾರತಿ ಪ್ರಕರಣದಲ್ಲಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೌಡೂರು, ಎಡನೀರು ಎರಡೂ ಹಿಂದೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಊರುಗಳು. ಮಠದ ಜಮೀನಿನಿಂದ ಶುರುವಾದ ದಾವೆ ಬೆಳೆದು ದೊಡ್ಡ ಪ್ರಶ್ನೆಯಾಯಿತು: ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗಿದೆ ನಿಜ, ಆದರೆ ಎಲ್ಲಿಯವರೆಗೆ?

ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟು ತಳ್ಳಿಹಾಕಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1803ರಲ್ಲೇ ಮಾರ್ಬರಿ ಮತ್ತು ಮ್ಯಾಡಿಸನ್ ನಡುವಿನ ಪ್ರಕರಣದಲ್ಲಿ ಹೇಳಿತ್ತು. ನಮ್ಮ ಕೋರ್ಟಿನ ಮುಂದಿದ್ದದ್ದು ಅದಕ್ಕೂ ಕಠಿಣ ಪ್ರಶ್ನೆ. ಇಲ್ಲಿ ಸಂವಿಧಾನದ ತಿದ್ದುಪಡಿಯನ್ನೇ ಒರೆಗೆ ಹಚ್ಚಬೇಕಿತ್ತು. 13 ನ್ಯಾಯಮೂರ್ತಿಗಳು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7 ಮಂದಿ ಹೇಳಿದರು. 6 ಮಂದಿ ಒಪ್ಪಲಿಲ್ಲ. ಆ 7 ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಒಂದೇ ಒಂದು ಮತ ಆಚೆ ಹೋಗಿದ್ದರೂ ಫಲಿತಾಂಶ ಬದಲಾಗುತ್ತಿತ್ತು.

ಮರುದಿನವೇ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರು ಹೊರಬಿತ್ತು. ಹಿರಿತನದ ಸಾಲಿನಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು, ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಸರ್ಕಾರ ನೇಮಿಸಿತು. ಬಿಟ್ಟುಹೋದ ಮೂವರೂ ಸರ್ಕಾರದ ವಾದವನ್ನು ಒಪ್ಪದವರು. ರೇ ಅವರು ಒಪ್ಪಿದವರು. ಹಿರಿತನವೊಂದೇ ಸಾಲದು, ನ್ಯಾಯಾಧೀಶರ ಧೋರಣೆಯನ್ನೂ ನೋಡಬೇಕೆಂದು ಸರ್ಕಾರ ಸಂಸತ್ತಿನಲ್ಲಿ ಸಮರ್ಥಿಸಿಕೊಂಡಿತು. ಶೆಲತ್ ಅವರು ಆ ಜುಲೈನಲ್ಲಿ ನಿವೃತ್ತರಾಗಬೇಕಿತ್ತು. ಹಿರಿತನದಂತೆ ನಡೆದಿದ್ದರೆ ಅವರ ನಂತರ ಸುಮಾರು 11 ತಿಂಗಳು ಹೆಗ್ಡೆಯವರೇ ಭಾರತದ ಮುಖ್ಯ ನ್ಯಾಯಮೂರ್ತಿ. ಕಿರಿಯರ ಕೈಕೆಳಗೆ ಸುಮ್ಮನೆ ಮುಂದುವರಿದು ಪೂರ್ತಿ ಅವಧಿ ಮುಗಿಸುವ ದಾರಿಯೂ ಇತ್ತು. ಹೆಗ್ಡೆಯವರು ಹಾಗೆ ಮಾಡಲಿಲ್ಲ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಆ ದಾವೆಯಲ್ಲಿ ಸ್ವಾಮೀಜಿಗೆ ಜಮೀನು ಮರಳಿ ಸಿಗಲಿಲ್ಲ, ಹೆಗ್ಡೆಯವರಿಗೆ ಹುದ್ದೆ ಸಿಗಲಿಲ್ಲ. ಆದರೆ ತೀರ್ಪು ಉಳಿಯಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಲಿನ ಪ್ರಕರಣದಲ್ಲಿ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲವೆನ್ನುತ್ತಿದ್ದ ತಿದ್ದುಪಡಿಯನ್ನು ಕೋರ್ಟು ರದ್ದು ಮಾಡಿದ್ದು ಇದೇ ತೀರ್ಪಿನ ಬಲದಿಂದ. ಹತ್ತಿ ಗಿರಣಿಗಳಿಂದ ಬೆಳೆದ ದಾವಣಗೆರೆಯ ನಮಗೆ, ಬಟ್ಟೆ ಗಿರಣಿಯೊಂದರ ಹೆಸರು ಸಂವಿಧಾನದ ಚರಿತ್ರೆಯಲ್ಲಿ ಸೇರಿರುವುದು ನೆನಪಿಡಬೇಕಾದ ಸಂಗತಿ. 1994ರಲ್ಲಿ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲೂ ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದು ಕೋರ್ಟು ಹೇಳಿತು.

ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ, ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಅದೇ ವರ್ಷ ಲೋಕಸಭೆಯ ಅಧ್ಯಕ್ಷರಾದರು. ಸಂಸತ್ತಿನ ಅಧಿಕಾರಕ್ಕೆ ಮಿತಿಯಿದೆ ಎಂದಿದ್ದವರು ಅದೇ ಸಂಸತ್ತಿನ ಪೀಠದಲ್ಲಿ ಕುಳಿತರು. 1979ರಲ್ಲಿ ತಮ್ಮ ಊರಿನ ಸಮೀಪದ ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟ್ ಸ್ಥಾಪಿಸಿದರು. 1986ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜೂ ಆಯಿತು. 1990ರ ಮೇ 24ರಂದು ತೀರಿಕೊಂಡರು. ಅವರ ಮಗ ಸಂತೋಷ್ ಹೆಗ್ಡೆಯವರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ ಹೆಸರಾದರು.

ಆನೆಕೊಂಡದ ನಮ್ಮ ಶಾಲೆಯ ಮಕ್ಕಳು ಮುಂದೆ ಗುಮಾಸ್ತರಾಗಬಹುದು, ಶಿಕ್ಷಕರಾಗಬಹುದು, ಪಂಚಾಯಿತಿ ಸದಸ್ಯರಾಗಬಹುದು. ಬಡ್ತಿ ಒಂದು ಕಡೆ, ಸರಿ ಎನಿಸಿದ್ದು ಇನ್ನೊಂದು ಕಡೆ ನಿಲ್ಲುವ ದಿನ ಚಿಕ್ಕ ಕೆಲಸದಲ್ಲೂ ಬರುತ್ತದೆ. ಆ ದಿನ ಕೌಡೂರಿನ ಈ ಹಿರಿಯರು ನೆನಪಾಗಲಿ. ಪೌರನೀತಿಯ ಆ ಪಾಠವನ್ನು ಓದುವಾಗ, ಅಂಕಕ್ಕಾಗಿಯೇ ಓದಿದರೂ ಚಿಂತೆಯಿಲ್ಲ, ಆ 7 ಮತಗಳಲ್ಲಿ ಒಂದು ಅವರದಾಗಿತ್ತೆಂಬುದನ್ನು ಮರೆಯದಿರೋಣ.